ಸೊಸೆಯ ಮೂಗು

ಶನಿವಾರ ಸಂಜೆ ಬಾರಿಗೆಂದು ಹೋದ ಉಪ್ಪಣ್ಣ ಒಲೆಯ ಮೇಲಿನ ಬೇಳೆ ಬೇಯುವುದರೊಳಗೆ ಮನೆಗೆ ವಾಪಸ್ಸು ಬಂದ. ಅದೂ ನೆಟ್ಟಗೆ ನಡೆದುಕೊಂಡು. ಮನೆಯವರಿಗೆ ಅದೇ ಗಾಬರಿ. ಶನಿವಾರ ಅವನು ಬರುವ ವರಸೆಯೇ ಬೇರೆ. ಮೊದಲು ಬಾಗಿಲಾಚೆ ಒಂದು ಕೆಮ್ಮು, ಆಮೇಲೆ ಯಾವುದೋ ಹಾಡಿನ ಅರ್ಧ ಸಾಲು, ಆಮೇಲೆ ಎಲ್ಲೆಂದರಲ್ಲಿ ಬೀಳುವ ಚಪ್ಪಲಿ. ಇವತ್ತು ಚಪ್ಪಲಿಯನ್ನು ಗೋಡೆ ಬದಿಗೆ ಜೋಡಿಸಿಟ್ಟು ಒಳಗೆ ಬಂದು ಕೂತ.

"ಯಾಕ್ರೀ, ಮೈ ಹುಷಾರಿಲ್ವಾ?" ಎಂದಳು ಹೆಂಡತಿ.

"ಟೇಬಲ್ ಇಲ್ಲವಂತೆ."

"ಅಷ್ಟೊಂದು ಜನವಾ?"

"ಜನ ಎಲ್ಲಿ ಬಂತು? ಬೆರಳಲ್ಲಿ ಎಣಿಸಬಹುದು. ಮಿಕ್ಕಿದ್ದೆಲ್ಲ ಖಾಲಿ ಕುರ್ಚಿ. ಖಾಲಿ ಕುರ್ಚಿ ಎದುರಿಗೇ ನನ್ನ ನಿಲ್ಲಿಸಿಕೊಂಡು ಟೇಬಲ್ ಇಲ್ಲ ಅಂತಾನೆ. ಎಲ್ಲಾ ಬುಕ್ ಆಗಿದೆಯಂತೆ. ಬಾರಲ್ಲಿ ಕೂರೋಕೆ ಬುಕ್ ಮಾಡ್ಬೇಕಾ? ಅದೇನು ರೈಲಾ?"

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅತ್ತೆಗೆ ನಗು ಬರಲಿಲ್ಲ. ಮಗ ಮಾತ್ರ ತಟ್ಟೆಯಿಂದ ತಲೆ ಎತ್ತದೆ, "ಬೇರೆ ಬಾರ್ ಇಲ್ವಾ ಊರಲ್ಲಿ? ಅಲ್ಲಿಗೆ ಹೋಗು," ಎಂದ.

"ಯಾಕೆ ಹೋಗ್ಲಿ? ಅದಕ್ಕೆ ಬೋರ್ಡು ಇಲ್ಲದ ಕಾಲದಿಂದ ಹೋಗ್ತಿದೀನಿ. ಈಗಿನ ಯಜಮಾನ ಇನ್ನೂ ಚಡ್ಡಿ ಹಾಕ್ಕೊಂಡು ಅವರಪ್ಪನ ಗಲ್ಲಾ ಹತ್ರ ಆಡ್ತಿದ್ದಾಗಿಂದ!"

ಉಪ್ಪಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನಿದ್ದದ್ದು ತೊಗಲು ಮಂಡಿಯಲ್ಲಿ. ಕಸಾಯಿಖಾನೆಯಿಂದ ಬಂದ ಹಸಿ ತೊಗಲನ್ನು ನೆಲಕ್ಕೆ ಹರಡಿ, ಒಳಮೈಗೆ ಉಪ್ಪು ತಟ್ಟಿ, ಒಂದರ ಮೇಲೊಂದು ಪೇರಿಸಿ, ನೀರಿಳಿದ ಮೇಲೆ ಕೊಡವಿ ಮಡಿಸಿ ಕಟ್ಟುವುದು ಅವನ ಕೆಲಸ. ಮಂಡಿಯವರು ಉಪ್ಪಣ್ಣ ಎಂದರು, ಬೀದಿಯವರೂ ಅಂದರು, ಕಡೆಗೆ ಹೆಂಡತಿಯೂ ಯಾರಾದರೂ ಕೇಳಿದರೆ ಹಾಗೇ ಅನ್ನತೊಡಗಿದಳು. ಮನೆ ಎದ್ದದ್ದು ಆ ಉಪ್ಪಿನಲ್ಲೇ. ಮಗನ ಓದು, ಅವನ ಮದುವೆ, ಮಗಳ ಹೊಲಿಗೆ ಯಂತ್ರ, ಎಲ್ಲದಕ್ಕೂ ಅವನ ಬಿರಿದ ಅಂಗೈ ಸಾಕ್ಷಿ ಇತ್ತು. ಮಗ ಈಗ ಬಣ್ಣದ ಅಂಗಡಿಯಲ್ಲಿ ಕೌಂಟರಿನ ಹಿಂದೆ ಇಸ್ತ್ರಿ ಶರ್ಟು ಹಾಕಿಕೊಂಡು ನಿಲ್ಲುತ್ತಿದ್ದ. ಮಗಳು ಮನೆಯಲ್ಲೇ ಹೊಲಿಯುತ್ತಿದ್ದಳು. ಗಿರಾಕಿಗಳ ಬಟ್ಟೆಯ ನಡುನಡುವೆ ತನ್ನ ಮದುವೆಗೆಂದು ಒಂದೊಂದೇ ಹೊಸ ಬಟ್ಟೆ ಹೊಲಿದು ಪೆಟ್ಟಿಗೆ ತುಂಬಿಸುತ್ತಿದ್ದಳು.

ಮುಂದಿನ ಶನಿವಾರ ಉಪ್ಪಣ್ಣ ಮತ್ತೆ ಹೋದ. ಈ ಸಲ ಟೇಬಲ್ಲಿನ ನೆಪ ಹೇಳಲಿಲ್ಲ. ಬಾರಿನ ಹಳೆಯ ಯಜಮಾನ ಸತ್ತ ಮೇಲೆ ಅವನ ಮಗ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಗಾಜಿನ ಬಾಗಿಲು ಹಾಕಿಸಿ, ಏಸಿ ಕೂರಿಸಿದ್ದ. ಆ ಹೊಸ ಯಜಮಾನನೇ ಎದ್ದು ಬಂದು, "ನೋಡಿ, ಬೇಜಾರು ಮಾಡ್ಕೋಬೇಡಿ. ನೀವು ಬಂದ್ರೆ ಪಕ್ಕದ ಟೇಬಲ್ ಖಾಲಿಯಾಗುತ್ತೆ. ವಾಸನೆ. ಬೇಕಾದ್ರೆ ಹಿಂದುಗಡೆ ಕ್ರೇಟು ಇಡೋ ಕಡೆ ಕೂತ್ಕೊಳ್ಳಿ, ಅಲ್ಲಿಗೇ ಕಳಿಸ್ತೀನಿ," ಎಂದನಂತೆ. ಉಪ್ಪಣ್ಣ ಥೂ ಎಂದು ಉಗಿದು ಬಂದಿದ್ದ.

"ಮಂಡಿಯಿಂದ ಬಂದು ಮೈ ತೊಳೆದು, ಬಟ್ಟೆ ಬದಲಾಯಿಸಿ ಹೋಗೋನು ನಾನು! ನನ್ನ ಮೈಯಲ್ಲಿ ವಾಸನೆಯಾ? ಏನೇ, ಬರುತ್ತಾ?" ಎಂದು ಹೆಂಡತಿಯ ಮುಂದೆ ತೋಳು ಚಾಚಿದ.

"ನನಗೇನೂ ಬರಲ್ಲಪ್ಪ."

"ನೀನು ಬಿಡು, ನನ್ನ ಜೊತೆ ಮುದುಕಿಯಾದೋಳು." ಅವನ ಕಣ್ಣು ಸೊಸೆಯ ಮೇಲೆ ಬಿತ್ತು. "ಬಾಮ್ಮಾ ಇಲ್ಲಿ. ನೀನು ಹೊರಗಿನಿಂದ ಬಂದೋಳು. ಅದೂ ಬ್ರೆಡ್ಡಿನ ಮನೆಯಿಂದ. ನಿನ್ನ ಮೂಗು ಸುಳ್ಳು ಹೇಳಲ್ಲ. ನೋಡಿ ಹೇಳು."

ಸೊಸೆಯ ತವರಲ್ಲಿ ಬೇಕರಿ. ಈ ಮನೆಗೆ ಕಾಲಿಟ್ಟ ಹೊಸತರಲ್ಲಿ ಊಟ ಗಂಟಲಲ್ಲಿ ಇಳಿಯದೆ ಬಚ್ಚಲಿಗೆ ಓಡಿದ್ದುಂಟು. ಯಾರಿಗೂ ಹೇಳಿರಲಿಲ್ಲ. ಬಸುರಿಯಿರಬೇಕು ಎಂದು ಅತ್ತೆ ಖುಷಿಪಟ್ಟದ್ದೇ ಬಂತು. ಆದರೆ ಅದೆಲ್ಲ ಯಾವತ್ತೋ ಹೋಗಿಬಿಟ್ಟಿತ್ತು. ಅವಳು ಮಾವನ ತೋಳಿನ ಹತ್ತಿರ ಬಗ್ಗಿ ಮೂಸಿದಳು. ಸೋಪಿನ ವಾಸನೆ ಬಂತು. ಇನ್ನೊಮ್ಮೆ ಮೂಸಿದಳು.

"ಇಲ್ಲ ಮಾವ. ಸೋಪಿನ ವಾಸನೆ ಅಷ್ಟೇ."

ಎಳ್ಳಷ್ಟೂ ಸುಳ್ಳಿರಲಿಲ್ಲ ಆ ಮಾತಿನಲ್ಲಿ. ಮೂಲೆಯಲ್ಲಿ ಕೂತಿದ್ದ ಗಂಡ ಅವಳ ಮುಖವನ್ನು ಒಂದು ಕ್ಷಣ ನೋಡಿ ಎದ್ದು ಹೊರಗೆ ಹೋದದ್ದು ಅವಳಿಗೆ ಆಗ ಅರ್ಥವಾಗಲಿಲ್ಲ.

ಪಾಪ, ಉಪ್ಪಣ್ಣ ಆ ಮಾತನ್ನು ಕಟ್ಟಿಕೊಂಡು ಸೀದಾ ಬಾರಿಗೇ ಹೋದ. ಗಾಜಿನ ಬಾಗಿಲು ತೆರೆದು, ಒಳಗೆ ಕೂತವರೆಲ್ಲ ಕೇಳುವ ಹಾಗೆ, "ನನ್ನ ಸೊಸೆ ಮೂಸಿ ನೋಡಿದಾಳೆ! ಬೇಕರಿಯವರ ಮಗಳು! ಏನೂ ವಾಸನೆ ಇಲ್ಲ ಅಂದಿದಾಳೆ!" ಎಂದು ಕೂಗಿ ಹೇಳಿದನಂತೆ. ಬಾರಿಗೆ ಬಾರೇ ಬಿದ್ದು ಬಿದ್ದು ನಕ್ಕಿತಂತೆ. ಯಾರೋ ಒಬ್ಬ, "ಸೊಸೆಯನ್ನೂ ಕರ್ಕೊಂಡು ಬಾರಪ್ಪ, ನಮ್ಮನ್ನೂ ಮೂಸಲಿ," ಎಂದನಂತೆ. ಮಾರನೆಯ ದಿನ ಬಣ್ಣ ಕೊಳ್ಳಲು ಬಂದ ಗಿರಾಕಿಯೊಬ್ಬ ಮಗನ ಎದುರಿಗೇ ಇದನ್ನು ಹೇಳಿ ನಕ್ಕ. ಮಗ ಮನೆಗೆ ಬಂದವನೇ ಚೀಲ ಬಿಸಾಡಿದ.

"ನನ್ನ ಹೆಂಡತಿ ಹೆಸರನ್ನ ಬಾರಲ್ಲಿ ತೆಗೆಯೋಕೆ ನಾಚಿಕೆ ಆಗಲ್ವಾ ನಿನಗೆ?"

"ಹೆಸರು ಎಲ್ಲಿ ತೆಗೆದೆ? ಸೊಸೆ ಅಂದೆ."

"ಕುಡಿಯೋದನ್ನ ಬಿಡು. ಬಿಡಕ್ಕಾಗದಿದ್ರೆ ಮನೆಗೆ ತಂದು ಕುಡಿ."

"ಕುಡಿಯೋದಲ್ಲ ಕಣೋ ವಿಷಯ. ದುಡ್ಡು ಕೊಟ್ಟು ಕೂರ್ತೀನಿ ಅಂದ್ರೂ ಕೂರಬೇಡ ಅಂದ್ರಲ್ಲ, ಅದು." ಉಪ್ಪಣ್ಣನ ದನಿ ಇಳಿದಿತ್ತು. "ವಾರವೆಲ್ಲ ಬಗ್ಗಿಕೊಂಡೇ ಇರ್ತೀನಿ. ಒಂದಿನ ಕುರ್ಚಿ ಮೇಲೆ ಕೂತು, ಏನು ಬೇಕು ಅಣ್ಣ ಅಂತ ಇನ್ನೊಬ್ಬ ಬಂದು ಕೇಳೋದು. ಅಷ್ಟೇ ನನಗೆ ಬೇಕಾಗಿದ್ದು."

ಅಲ್ಲಿಂದಾಚೆ ಮನೆಯಲ್ಲಿ ತೊಳೆಯುವ ಕೆಲಸ ಶುರುವಾಯಿತು. ಉಪ್ಪಣ್ಣ ನಿಂಬೆಹಣ್ಣು ಹಚ್ಚಿಕೊಂಡ, ವಿನೆಗರ್ ಹಚ್ಚಿಕೊಂಡ, ಕಡೆಗೆ ಪಾತ್ರೆ ತಿಕ್ಕುವ ಪುಡಿಯಲ್ಲೇ ಕೈ ತಿಕ್ಕಿಕೊಂಡು ಬಿರಿದ ಕಡೆಯಲ್ಲೆಲ್ಲ ರಕ್ತ ಬರಿಸಿಕೊಂಡ. "ಊಟಕ್ಕಿಲ್ಲದ ನಿಂಬೆಹಣ್ಣು ಬಚ್ಚಲಿಗೆ ಹೋಗ್ತಿದೆ," ಎಂದು ಅತ್ತೆ ಗೊಣಗಿದಳು. ಮಂಡಿಯ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ, ಬೇರೆ ಹಗ್ಗದ ಮೇಲೆ ಒಣಗಿಸುವುದು ಸೊಸೆಯ ಪಾಲಿಗೆ ಬಂತು. ಪ್ರತಿ ಸಂಜೆ ಉಪ್ಪಣ್ಣ ಅವಳ ಮುಂದೆ ಬಂದು ಅಂಗೈ ಒಡ್ಡುತ್ತಿದ್ದ. ಅವಳು ಮೂಸಿ, ಇಲ್ಲ ಮಾವ, ಅನ್ನುತ್ತಿದ್ದಳು. ಅವನು ತಲೆಯಾಡಿಸಿ ಊಟಕ್ಕೆ ಕೂರುತ್ತಿದ್ದ.

ಇದರ ನಡುವೆಯೇ ಮಗಳ ಸಂಬಂಧ ಕೂಡಿಬಂತು. ಹುಡುಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್; ಅವನ ಅಪ್ಪ ಬಸ್ ಡ್ರೈವರ್. ನೆಂಟರ ಮನೆಯಲ್ಲಿ ಹುಡುಗಿಯನ್ನು ನೋಡಿ ಎಲ್ಲರೂ ಮೆಚ್ಚಿದ್ದರು. ಡ್ರೈವರೂ ಉಪ್ಪಣ್ಣನೂ ಬಸ್ ನಿಲ್ದಾಣದ ಡೀಸೆಲ್ ಹೊಗೆಯ ನಡುವೆ ನಿಂತು ಒಂದೆರಡು ಸಲ ಮಾತಾಡಿದ್ದರು. ಇನ್ನು ಮಾತು ಮುಗಿಸುವುದಷ್ಟೇ ಬಾಕಿ. ಡ್ರೈವರ್ ಹಸನ್ಮುಖಿ. "ಮನೆಗೆ ಬಂದ್ರೆ ಹೆಂಗಸರಿಗೆ ಅಡುಗೆ ಕೆಲಸ. ಎಲ್ಲಾದ್ರೂ ಒಂದ್ಕಡೆ ಕೂತು, ಒಂದೊಂದು ಹಾಕಿ ಮುಗಿಸಿಬಿಡೋಣ ಬೀಗರೇ. ನಿಲ್ದಾಣದ ಎದುರಿಗೆ ಒಂದು ಏಸಿ ಬಾರ್ ಆಗಿದೆಯಲ್ಲ?" ಎಂದ. ಉಪ್ಪಣ್ಣನ ನಾಲಿಗೆ ಆಗ ಸುಮ್ಮನಿರಬೇಕಿತ್ತು. "ಅದಾ? ಅದು ನಮ್ಮ ಜಾಗ!" ಎಂದುಬಿಟ್ಟ.

ಮನೆಯಲ್ಲಿ ರಂಪವಾಯಿತು.

"ಬೇರೆ ಎಲ್ಲಾದ್ರೂ ಅಂತ ಹೇಳ್ರೀ," ಎಂದಳು ಅತ್ತೆ.

"ಏನಂತ ಹೇಳ್ಲಿ? ನಮ್ಮ ಜಾಗ ಅಂದಮೇಲೆ ಅಲ್ಲಿಗೆ ನನ್ನ ಸೇರಿಸಲ್ಲ ಅಂತ ಹೇಳ್ಲಾ? ಹೆಣ್ಣು ಕೊಡೋನು ನಾನು!"

"ಬೀಗರ ಎದುರಿಗೇ ಕತ್ತು ಹಿಡಿದು ದಬ್ಬಿದ್ರೆ?" ಎಂದ ಮಗ. "ಇವಳ ಮದುವೆ ಅಲ್ಲೇ ಮುಗೀತು, ತಿಳ್ಕೋ."

ಹೊಲಿಗೆ ಯಂತ್ರದ ಸದ್ದು ನಿಂತಿತು. ನಾದಿನಿ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತ ಕೂತಳು. ಅವಳ ಮದುವೆಯ ಮಾತು ಈ ಮೊದಲೇ ಎರಡು ಕಡೆ ಮುರಿದಿತ್ತು. ಯಾಕೆಂದು ಯಾರೂ ಹೇಳಿರಲಿಲ್ಲ. ಇದೂ ಮುರಿದರೆ ಇನ್ನು ಕೇಳಿಕೊಂಡು ಬರುವವರಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಸೊಸೆಯ ತಾಯಿಗೆ ಕಣ್ಣಿನ ಆಪರೇಷನ್ ಆಗಿ, ಅವಳು ತವರಿಗೆ ಹೋಗಬೇಕಾಯಿತು. ಅಣ್ಣನ ಹೆಂಡತಿ ಬಾಗಿಲಲ್ಲೇ ಅವಳ ಚೀಲ ಇಸಿದುಕೊಂಡು ಹೊರಗಿನ ಜಗುಲಿಯಲ್ಲಿಟ್ಟಳು. "ಹಿಟ್ಟು ನಾದೋ ಕೋಣೆಗೆ ಹೋಗಬೇಡ, ಆಯ್ತಾ? ಹಿಟ್ಟು ಬೇಗ ವಾಸನೆ ಹಿಡಿಯುತ್ತೆ," ಎಂದಳು. ತಾನು ಹುಟ್ಟಿ ಬೆಳೆದ ಮನೆಯ ಹಿಟ್ಟಿನ ಕೋಣೆ! ಸೊಸೆಗೆ ಮೈಯೆಲ್ಲ ಉರಿಯಿತು. ತಾಯಿಯ ಹತ್ತಿರ ಹೋಗಿ ದೂರಿದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ತಾಯಿ, "ನೀನು ಒಳಗೆ ಬಂದಿದ್ದು ನನಗೆ ಯಾರೂ ಹೇಳಬೇಕಾಗಲಿಲ್ಲ ಮಗಳೇ," ಎಂದಳು. ಅಷ್ಟೇ ಹೇಳಿದ್ದು. ಸೊಸೆ ಅದನ್ನು ಹೊಟ್ಟೆಗೆ ಹಾಕಿಕೊಂಡು ಅಣ್ಣನ ಹೆಂಡತಿಯ ಬಟ್ಟೆಯನ್ನೇ ಉಟ್ಟು ದಿನ ದೂಡಿದಳು.

ವಾರ ಕಳೆದಿರಬೇಕು. ಬಾಚಣಿಗೆ ಬೇಕೆಂದು ಜಗುಲಿಯಲ್ಲಿದ್ದ ಚೀಲವನ್ನು ತೆರೆದಳು. ತೆರೆದವಳು ಹಿಂದಕ್ಕೆ ಸರಿದಳು. ಒದ್ದೆ ಉಪ್ಪು, ಹಳಸಿದ ಕೊಬ್ಬು, ಸತ್ತದ್ದೇನೋ ಒಳಗೇ ಬೆವೆತಂತೆ. ಒಗೆದು ಮಡಿಸಿ ತಂದಿದ್ದ ಬಟ್ಟೆ ಅದು. ಅವಳೇ ಒಗೆದದ್ದು.

ಅವಳು ಗಂಡನ ಮನೆಗೆ ವಾಪಸ್ಸು ಬಂದದ್ದು ಶನಿವಾರ. ಮಾರನೆಯ ದಿನವೇ ಬಾರಿನಲ್ಲಿ ಬೀಗರ ಜೊತೆ ಮಾತುಕತೆ. ಬಾಗಿಲು ತೆರೆದಾಗ ಮನೆಯೇ ಬಂದು ಅವಳ ಮುಖಕ್ಕೆ ಬಡಿಯಿತು. ಆ ವಾಸನೆ ದಿಂಬಿನಲ್ಲಿತ್ತು, ಟವೆಲ್ಲಿನಲ್ಲಿತ್ತು, ಅಕ್ಕಿ ಡಬ್ಬದ ಮುಚ್ಚಳ ತೆಗೆದರೆ ಅಲ್ಲೂ ಇತ್ತು. ಅತ್ತೆ ಪ್ರೀತಿಯಿಂದ ಕೆನ್ನೆ ಸವರಿದಾಗ ಉಸಿರು ಬಿಗಿಹಿಡಿದು ನಿಂತಳು. ಹಾಗೆ ನಿಂತದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಗಂಡ ಅಂಗಡಿಯಿಂದ ಬಂದ ಕೂಡಲೆ ಹಿತ್ತಲಿಗೆ ಕರೆದಳು.

"ರೀ, ಮನೆಯೆಲ್ಲ ನಾರ್ತಿದೆ. ಮಾವ ಒಬ್ರೇ ಅಲ್ಲ. ನೀವು, ನಾನು, ಎಲ್ಲಾರೂ."

"ಮೆಲ್ಲಗೆ ಮಾತಾಡು."

"ನಿಮಗೆ ಗೊತ್ತಿತ್ತಾ?"

ಅವನು ಬಟ್ಟೆ ಹಗ್ಗವನ್ನು ಎಳೆದು ಬಿಟ್ಟ. "ಗೊತ್ತಿಲ್ಲದೆ ಏನು? ಅಂಗಡಿಗೆ ಸೇರಿದ ವಾರವೇ ಅಲ್ಲಿನ ಯಜಮಾನರು ಕರೆದು ಹೇಳಿದ್ರು. ಶರ್ಟು ಅಂಗಡೀಲೇ ಇಡ್ತೀನಿ, ಇಸ್ತ್ರಿಯವನ ಹತ್ರಾನೇ ಒಗೆಸ್ತೀನಿ. ಬೆಳಿಗ್ಗೆ ಹೋದವನೇ ಅಲ್ಲಿನ ನಲ್ಲೀಲಿ ಮೈ ತೊಳೆದು ಬದಲಾಯಿಸ್ತೀನಿ."

"ನನಗೆ ಹೇಳಲಿಲ್ಲವಲ್ಲ."

"ಹೇಳಿ? ಅಪ್ಪನ ಅನ್ನ ತಿಂದು, ನೀನು ನಾರ್ತೀಯ ಅಂತ ಅಪ್ಪನಿಗೆ ಹೇಳ್ಲಾ? ನೀನೂ ಬಾಯಿ ಬಿಡಬೇಡ. ನಾಳೆ ಒಂದಿನ ಕಳೆದು ಹೋಗ್ಲಿ."

"ಕಳೆದು ಹೋಗೋದು ಹೇಗೆ? ನನ್ನ ಮಾತು ನಂಬ್ಕೊಂಡು ಬಾಗಿಲಿಗೆ ಹೋಗಿ ನಿಲ್ತಾರೆ. ಬೀಗರ ಎದುರಿಗೆ."

ಅವನು ಹಗ್ಗದ ಮೇಲಿನ ಟವೆಲ್ ಎಳೆದುಕೊಂಡು ಒಳಗೆ ಹೋದ.

ಭಾನುವಾರ ಬೆಳಿಗ್ಗೆ ಉಪ್ಪಣ್ಣ ಮೂರು ಬಕೆಟ್ ನೀರು ಸುರಿದುಕೊಂಡು, ಮಗನ ಮದುವೆಯಲ್ಲಿ ಹೊಲಿಸಿದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮದುಮಗನ ಹಾಗೆ ಕಾಣುತ್ತಿದ್ದ.

"ನಿನ್ನನ್ನೇ ಕಾಯ್ತಿದ್ದೆ ಕಣಮ್ಮ. ಹೊರಗಿನ ಗಾಳಿ ಕುಡಿದು ಬಂದಿದೀಯ. ಈಗ ನೋಡು." ಎರಡೂ ಅಂಗೈ ಮುಂದೆ ಒಡ್ಡಿದ.

ಬಗ್ಗಬೇಕಾದ್ದೇ ಇರಲಿಲ್ಲ. ಸೊಸೆಯ ಕಣ್ಣು ತುಂಬಿತು.

"ಇದೆ ಮಾವ."

"ಸ್ವಲ್ಪವಾ?"

"ಸ್ವಲ್ಪ ಅಲ್ಲ."

"ಏನೇ ನಿನಗೆ ಬಂದಿರೋದು?" ಎಂದು ಅತ್ತೆ ಸೌಟು ಹಿಡಿದೇ ಎದ್ದಳು. "ತವರಿಗೆ ಹೋಗಿ ಮೂಗು ಮುರಿಯೋದು ಕಲಿತು ಬಂದ್ಯಾ? ಇವತ್ತೇ ಬೇಕಿತ್ತಾ ನಿನಗೆ ಈ ಮಾತು?"

"ಬಿಡೇ. ಕೇಳಿದ್ದು ನಾನು." ಉಪ್ಪಣ್ಣ ಕೈ ಇಳಿಸಲಿಲ್ಲ. "ಅವತ್ತು ಇಲ್ಲ ಅಂದ್ಯಲ್ಲಮ್ಮ?"

"ಅವತ್ತು ಬರ್ತಿರಲಿಲ್ಲ ಮಾವ, ದೇವರಾಣೆ. ನನಗೂ ಹತ್ತಿಬಿಟ್ಟಿತ್ತು, ಅದಕ್ಕೆ ತಿಳೀತಿರಲಿಲ್ಲ. ನನ್ನ ಬಟ್ಟೇಲೂ ಇದೆ. ಗೋಡೆಯಲ್ಲೂ ಇದೆ."

"ಇವಳ ಮೇಲೆ?" ಎಂದು ಮಗಳ ಕಡೆ ಕಣ್ಣು ತೋರಿಸಿದ.

ಸೊಸೆ ಹೂಂ ಎನ್ನುವಂತೆ ತಲೆ ತಗ್ಗಿಸಿದಳು. ನಾದಿನಿ ತನ್ನ ತೋಳನ್ನು ಮೂಗಿಗೆ ಹಿಡಿದು ಮೂಸಿದಳು, ಆ ತೋಳು, ಈ ತೋಳು, ಜಡೆ. "ನನಗೇನೂ ಬರ್ತಿಲ್ಲ ಅತ್ತಿಗೆ," ಎಂದು ಅಳತೊಡಗಿದಳು. ಮುರಿದುಹೋದ ಎರಡು ಸಂಬಂಧಗಳೂ ಆ ಹೊತ್ತಿನಲ್ಲಿ ಎಲ್ಲರ ಕಣ್ಣ ಮುಂದೆ ಬಂದವು.

ಉಪ್ಪಣ್ಣ ಹೊಸಿಲ ಮೇಲೆ ಕೂತ. ಆಮೇಲೆ ಎದ್ದು ಅಂಗಿಯ ಗುಂಡಿ ಸರಿಮಾಡಿಕೊಂಡ. "ಮನೆಗೂ ಕರೆಯೋ ಹಾಗಿಲ್ಲ ಹಾಗಾದ್ರೆ. ಬಾರೋ," ಎಂದು ಮಗನನ್ನು ಕರೆದ. "ಅವರು ಬರೋಕೆ ಮುಂಚೆ ಹೋಗೋಣ. ಕ್ರೇಟಿನ ಹತ್ರಾನೇ ಕೂರ್ತೀನಿ ಅಂತ ನಾನೇ ಕೇಳ್ಕೋತೀನಿ."

ಅಪ್ಪ ಮಗ ಹೋದ ಮೇಲೆ ಅತ್ತೆಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆಳಿಗ್ಗೆ ಬೈದಿದ್ದ ಸೊಸೆಯ ಕೈಗೇ ಗೋಧಿ ಡಬ್ಬ ಕೊಟ್ಟು, "ಗಿರಣಿಗೆ ಹೋಗಿಬರೋ ಹಾಗೆ ಹೋಗಿ ನೋಡ್ಕೊಂಡು ಬಾರೇ," ಎಂದಳು. ಗಿರಣಿಯ ಓಣಿ ಬಾರಿನ ಹಿತ್ತಲನ್ನು ಬಳಸಿಕೊಂಡೇ ಹೋಗುತ್ತಿತ್ತು. ನಡುವೆ ಬರೀ ತಂತಿಬೇಲಿ.

ಖಾಲಿ ಬಾಟಲಿಗಳ ಕ್ರೇಟುಗಳನ್ನು ಆಳೆತ್ತರ ಪೇರಿಸಿದ್ದರು. ಒಂದು ಕಡೆ ತೆರೆದ ಚರಂಡಿ, ಅದರ ಮೇಲೆ ನೊಣ. ಪ್ಲಾಸ್ಟಿಕ್ ಮೇಜಿನ ಮುಂದೆ ಉಪ್ಪಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಪಕ್ಕದಲ್ಲಿ ಮಗ. ಎದುರಿಗೆ ಆಗಷ್ಟೇ ಬಂದ ಡ್ರೈವರ್.

"ಏನು ಬೀಗರೇ, ಹಿತ್ತಲು ಸೇರಿದ್ದೀರಿ? ಒಳಗೆ ತಣ್ಣಗಿದೆ."

"ಒಳಗೆ ಉಸಿರು ಕಟ್ಟುತ್ತೆ ಬೀಗರೇ. ಇಲ್ಲಿ ಗಾಳಿ ಆಡುತ್ತೆ."

"ಈ ಚರಂಡಿ ಗಾಳೀನಾ?" ಡ್ರೈವರ್ ನಗುತ್ತ ಎದ್ದ. "ಇರಿ ಇರಿ. ಒಳಗೆ ಎಷ್ಟೊಂದು ಟೇಬಲ್ ಖಾಲಿ ಇದೆ. ನಾನೇ ಹೇಳಿ ಬರ್ತೀನಿ."

"ಬೇಡ ಬೀಗರೇ, ಬೇಡ," ಎಂದು ಉಪ್ಪಣ್ಣ ಅರ್ಧ ಎದ್ದ. ಡ್ರೈವರ್ ಆಗಲೇ ಒಳಗೆ ಹೋಗಿಯಾಗಿತ್ತು. ಉಪ್ಪಣ್ಣ ಹಾಗೇ ಅರ್ಧ ಎದ್ದುಕೊಂಡೇ ಮಗನ ಮುಖ ನೋಡಿದ. ಮಗ ಕ್ರೇಟುಗಳನ್ನು ನೋಡುತ್ತಿದ್ದ.

ಡ್ರೈವರ್ ತಡಮಾಡಿ ಬಂದ. ಮುಖದಲ್ಲಿ ನಗು ಇರಲಿಲ್ಲ. ಏನೂ ಹೇಳದೆ ಕುರ್ಚಿಯನ್ನು ಎತ್ತಿ, ಮೇಜಿನಿಂದ ಒಂದಿಷ್ಟು ದೂರಕ್ಕೆ, ಗಾಳಿ ಬರುವ ಕಡೆಗೆ ಇಟ್ಟುಕೊಂಡು ಕೂತ. ಗ್ಲಾಸು ಬಂತು. ಕುಡಿದರು. ಬೇಲಿಯಾಚೆ ಸೊಸೆ ಡಬ್ಬವನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು.

"ಬೀಗರೇ, ತಪ್ಪು ತಿಳೀಬೇಡಿ," ಎಂದ ಡ್ರೈವರ್ ಕಡೆಗೆ. "ಹುಡುಗಿ ಬಗ್ಗೆ ನಮಗೆ ಎರಡು ಮಾತಿಲ್ಲ. ನನ್ನ ಮಗ ಒಪ್ಪಿಬಿಟ್ಟಿದಾನೆ. ಆದ್ರೆ ನಮ್ಮ ಮನೆಯವಳದ್ದು ಸೂಕ್ಷ್ಮ. ಹುಡುಗಿ ಬಟ್ಟೆ ಬರೆ ಏನೂ ತರೋದು ಬೇಡ. ಎಲ್ಲಾ ಹೊಸದಾಗಿ ನಾವೇ ತರ್ತೀವಿ."

"ಆಗ್ಲಿ."

"ಆಮೇಲೆ, ಹುಡುಗಿ ತವರಿಗೆ ಹೋಗಿ ಬಂದು ಮಾಡೋದು..." ಡ್ರೈವರ್ ಗ್ಲಾಸನ್ನು ತಿರುಗಿಸಿದ. "ಹೊಸತರಲ್ಲಿ ಒಂದ್ಸಲ ಕಳಿಸ್ತೀವಿ. ನೀವು ಹೇಳಿದ ದಿನ. ಅದಾದ್ಮೇಲೆ ಬೇಡ. ನೋಡ್ಬೇಕು ಅನ್ನಿಸಿದ್ರೆ ನಿಲ್ದಾಣದಲ್ಲಿ ನೋಡಿ."

ಮಾವ ಎದ್ದು ಗ್ಲಾಸನ್ನು ಅವನ ಮುಖಕ್ಕೆ ಎರಚಬೇಕು ಅನ್ನಿಸಿತು ಸೊಸೆಗೆ. ದೇವರೇ, ಎರಚದಿರಲಿ ಎಂದೂ ಅದೇ ಉಸಿರಿನಲ್ಲಿ ಅನ್ನಿಸಿತು. ಉಪ್ಪಣ್ಣ ಗ್ಲಾಸಿನಲ್ಲಿದ್ದದ್ದನ್ನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಆಗ್ಲಿ ಬೀಗರೇ," ಎಂದ.

ಮನೆಗೆ ಬಂದು ಅದನ್ನೇ ಹಬ್ಬದ ಹಾಗೆ ಹೇಳಿದ. "ಏನೂ ಬೇಡವಂತೆ ಕಣೇ! ಒಂದು ಚೂರು ಬಟ್ಟೆಯೂ ಬೇಡವಂತೆ. ಎಲ್ಲಾ ಅವರದ್ದೇ. ಎಂಥಾ ಜನ!"

ಅತ್ತೆ ಕೈ ಮುಗಿದಳು. ನಾದಿನಿ ಕಣ್ಣೊರೆಸಿಕೊಂಡು, "ಹೊಲಿದು ಇಟ್ಟಿರೋದನ್ನೆಲ್ಲ ಏನ್ಮಾಡ್ಲಿ ಅಪ್ಪ? ಪೆಟ್ಟಿಗೆ ತುಂಬಿದೆಯಲ್ಲ," ಎಂದಳು.

"ಅತ್ತಿಗೆಗೆ ಕೊಡು. ನಿಮ್ಮ ಅಳತೆ ಒಂದೇ."

"ಅವರ ಮನೆ ಬಸ್ಸಲ್ಲಿ ಎರಡು ಸ್ಟಾಪು ಅಷ್ಟೇ ಅಪ್ಪ. ವಾರಕ್ಕೊಂದ್ಸಲ ಬಂದು ಹೋಗ್ತೀನಿ."

"ಮೊದಲು ಹೋಗು ತಾಯಿ. ಆಮೇಲೆ ಬರೋ ಮಾತು," ಎಂದು ಉಪ್ಪಣ್ಣ ನಕ್ಕ. ಮಗ ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದ.

ಸೊಸೆ ಹಿತ್ತಲಲ್ಲಿ ಮಂಡಿಯ ಬಟ್ಟೆಯನ್ನು ನೆನೆಸುತ್ತಿದ್ದಾಗ ಉಪ್ಪಣ್ಣ ಬಂದು ಕಲ್ಲಿನ ಮೇಲೆ ಕೂತ. ಮೂಗಿಗೆ ಬಡಿಯದಿರಲೆಂದೋ ಏನೋ, ದೂರದ ಕಲ್ಲನ್ನೇ ಆರಿಸಿಕೊಂಡ.

"ಬೇಲಿ ಹತ್ರ ನೀನಿದ್ದೆ."

"ಹೂಂ ಮಾವ. ಯಾಕೆ ಒಪ್ಪಿದ್ರಿ?"

"ಹುಡುಗ ಒಳ್ಳೆಯವನು. ಅವಳಿಗಾದ್ರೂ ಎಲ್ಲಿ ಬೇಕಾದ್ರೂ ಕೂರೋ ಹಾಗಾಗ್ಲಿ." ಬಿರಿದ ಬೆರಳುಗಳನ್ನು ನೋಡಿಕೊಂಡ. "ಬೆಳಿಗ್ಗೆ ಹೇಳಿದ್ದು ಒಳ್ಳೇದಾಯ್ತಮ್ಮ. ಇಲ್ದಿದ್ರೆ ಬೀಗರ ಎದುರಿಗೆ ಬಾಗಿಲಲ್ಲೇ ಮಾನ ಹೋಗಿಬಿಡ್ತಿತ್ತು."

ಸೊಸೆ ಒಂದು ಬಟ್ಟೆಯನ್ನು ಹಿಂಡಿ ಇನ್ನೊಂದನ್ನು ಬಕೆಟ್ಟಿಗೆ ಅದ್ದಿದಳು.

"ಒಂದು ಮಾತು ಕೇಳ್ತೀನಿ. ತವರಿಗೆ ಹೋದ್ಮೇಲೆ ನಿನಗೆ ನಮ್ಮ ವಾಸನೆ ತಿಳಿಯೋಕೆ ಎಷ್ಟು ದಿನ ಆಯ್ತು?"

"ಒಂದು ವಾರ ಆಗಿರಬೇಕು ಮಾವ."

ಉಪ್ಪಣ್ಣ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿಕೊಂಡ.

"ಹಾಗಾದ್ರೆ ಮದುವೆಯಾದ ವಾರದೊಳಗೇ ಅವಳನ್ನ ಆ ಒಂದ್ಸಲ ಕರ್ಕೊಂಡು ಬರ್ಬೇಕು," ಎಂದ.